ಕೆಂಗೇರಿಯಾಚೆ ಗೆದ್ದ ವಾದ

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ರಾಜಾಜಿನಗರದಿಂದ ಹೊರಟೆವು. ನಾನು, ಮತ್ತು ನನ್ನ ಜೊತೆ ಲಾ ಕಾಲೇಜಿನಲ್ಲಿ ಓದುವ ನಂಜುಂಡ. ಹೋಗಬೇಕಾಗಿದ್ದುದು ಕೆಂಗೇರಿಯಿಂದ ಮೂರು ಮೈಲಿ ಆಚೆ ಇರುವ ಅವನ ಸೋದರಮಾವನ ಊರಿಗೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಆದದ್ದರಲ್ಲಿ ಊರಿನ ಪಾಲೆಷ್ಟು, ನನ್ನ ಪಾಲೆಷ್ಟು ಎಂಬುದು ನನ್ನೊಳಗೆ ಇನ್ನೂ ತೀರ್ಮಾನವಾಗಿಲ್ಲ.

ಹೊರಡಲು ಕಾರಣವಾದದ್ದು ಚರ್ಚಾಸ್ಪರ್ಧೆಯ ಒಂದು ಷೀಲ್ಡು. 'ಗ್ರಾಮ ಪಂಚಾಯ್ತಿಗಳಿಂದ ದೇಶಕ್ಕೆ ಪ್ರಯೋಜನವಿಲ್ಲ' ಎಂಬ ವಿಷಯದ ಪರವಾಗಿ ಮಾತಾಡಿ ಹಿಂದಿನ ವಾರವಷ್ಟೇ ಗೆದ್ದಿದ್ದೆ. ಪರವೋ ವಿರೋಧವೋ ಎಂಬುದನ್ನು ನಾವು ಚೀಟಿ ಎತ್ತಿ ತಿಳಿಯುತ್ತೇವೆ. ವಿರೋಧ ಬಂದಿದ್ದರೂ ಗೆಲ್ಲುತ್ತಿದ್ದೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಸಭಾಂಗಣದಿಂದ ಹೊರಬಂದಾಗ ನಂಜುಂಡ ಬೆನ್ನು ತಟ್ಟಿದ.

"ಚೆನ್ನಾಗಿ ಕೊಯ್ದೆ ಗುರು. ಅಲ್ಲಾ, ಒಂದಾದ್ರೂ ಪಂಚಾಯ್ತಿ ನೋಡಿದೀಯೇನೋ?"

"ನೋಡೋದ್ಯಾಕೆ? ಕಾಯ್ದೆ ಓದಿದೀನಿ."

"ನಮ್ಮ ಮಾವ ಚೇರ್ಮನ್ನು ಕಣೋ. ಭಾನುವಾರ ಮೀಟಿಂಗ್ ಇಟ್ಕೊಂಡಿದಾರೆ. ಬಾ, ಕಣ್ಣಾರೆ ನೋಡಿ ಆಮೇಲೆ ಬೈಯುವೆಯಂತೆ."

ನಿಜ ಹೇಳಬೇಕೆಂದರೆ ನಾನು ಹಳ್ಳಿ ನೋಡಿದವನೇ ಅಲ್ಲ. ನಮ್ಮ ಬೀದಿ ಮುಗಿಯುವಲ್ಲಿ ಕುರುಬರಹಳ್ಳಿ ಶುರುವಾಗುತ್ತದೆ. ಹಳ್ಳಿಯೆಂದರೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಹಾಲು ಬರುವ ದಿಕ್ಕು, ಅಷ್ಟೆ.

ಮಾರ್ಕೆಟ್ಟಿನಲ್ಲಿ ಬಸ್ಸು ಬದಲಿಸಿದೆವು. ಕೆಂಗೇರಿಗೆ ಐವತ್ತು ಪೈಸೆ ಟಿಕೆಟ್ಟು. ಗಾಳಿ ಆಂಜನೇಯನ ಗುಡಿ ಬಂದಾಗ ಬಸ್ಸಿಗೆ ಬಸ್ಸೇ ಕೆನ್ನೆ ಬಡಿದುಕೊಂಡಿತು. ನಾನು ಕೈಕಟ್ಟಿ ಕೂತೆ. ನಾಯಂಡಹಳ್ಳಿಯ ಹತ್ತಿರ ಹೊಳೆಯ ವಾಸನೆಗೆ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಇದು ವೃಷಭಾವತಿ, ಅಂದರೆ ಮೇಲಿನ ನಮ್ಮಂಥ ಬಡಾವಣೆಗಳ ಬಚ್ಚಲು. ಅಲ್ಲಿಂದಾಚೆ ರಾಗಿ ಕೊಯ್ದ ಹೊಲ, ನೀಲಗಿರಿ ತೋಪು, ಅಲ್ಲಲ್ಲಿ ಸೈಟಿನ ಕಲ್ಲುಗಳು. ಶಿವರಾತ್ರಿ ಕಳೆದು ಬಿಸಿಲಿಗೆ ಬಲ ಬಂದಿತ್ತು. ಕೆಂಗೇರಿಯಲ್ಲಿ ಟೀ ಕುಡಿದೆವು. ಮುಂದಿನ ಬಸ್ಸು ಯಾವಾಗಲೋ ಎಂದು ನಡೆದೇ ಹೊರಟೆವು. ದಾರಿಯುದ್ದಕ್ಕೂ ನಾನು ಮಾತಾಡುತ್ತಿದ್ದೆ. ಓದು ಬಾರದವರ ಕೈಗೆ ಆಡಳಿತ ಕೊಟ್ಟರೆ ಏನಾಗುತ್ತದೆಂದು, ಓದು ಬಲ್ಲ ಒಬ್ಬನಿಗೇ ಮೂರು ಮೈಲಿ ವಿವರಿಸಿದೆ.

ಊರಿಗೆ ತಿರುಗುವ ಮುನ್ನ ರೈಲು ಹಳಿ ಸಿಕ್ಕಿತು. ಹಳಿಯಾಚೆ ಇಪ್ಪತ್ತು ಮೂವತ್ತು ಮನೆಗಳಿದ್ದವು. ಅಲ್ಲಿಂದ ಹೆಂಗಸರು ಬಿಂದಿಗೆ ಹೊತ್ತು, ಹಳಿ ದಾಟಿ, ರಸ್ತೆಯನ್ನೂ ದಾಟಿ ಯಾರದೋ ತೆಂಗಿನ ತೋಟದ ಕಡೆ ಹೋಗುತ್ತಿದ್ದರು. ಕೆಲವರು ತೋಟದ ಬೇಲಿಯ ಪಕ್ಕ ಖಾಲಿ ಬಿಂದಿಗೆ ಇಟ್ಟುಕೊಂಡು ಕೂತಿದ್ದರು.

"ಕಾಲೋನಿಯೋರು," ಎಂದ ನಂಜುಂಡ. "ತೋಟದ ಪಂಪು ಓಡಿದಾಗ ಕಾಲುವೇಲಿ ನೀರು ಹಿಡ್ಕೋತಾರೆ. ಕರೆಂಟು ಇಲ್ದಿದ್ರೆ ಹಿಂಗೇ ಕಾಯೋದು."

"ಊರಲ್ಲಿ ಬಾವಿ ಇಲ್ವಾ?"

"ಇದೆ." ಸ್ವಲ್ಪ ದೂರ ನಡೆದ ಮೇಲೆ, "ಅವರು ಅಲ್ಲಿ ಸೇದೋ ಹಾಗಿಲ್ಲ," ಎಂದ.

ರಾಜ್ಯಕ್ಕೆ ಹೊಸ ಹೆಸರು ಬಂದಿದ್ದರೂ ಪಂಚಾಯ್ತಿ ಆಫೀಸಿನ ಬೋರ್ಡಿನ ಮೇಲೆ 'ಮೈಸೂರು ರಾಜ್ಯ' ಎಂದೇ ಇತ್ತು. ಒಂದು ಹೆಂಚಿನ ಕೋಣೆ, ಎದುರಿಗೆ ಸ್ಕೂಲು. ಒಳಗೆ ಮೇಜಿನ ಸುತ್ತ ಕುರ್ಚಿಗಳು, ಬಾಗಿಲ ಬಳಿ ಒಂದು ಬೆಂಚು. ಚೇರ್ಮನ್ ಗಂಗಣ್ಣನವರು, ಅಂದರೆ ನಂಜುಂಡನ ಮಾವ, ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಅಗಲ ಮುಖ, ನಗು ನಿಲ್ಲದ ಮನುಷ್ಯ. ಸಭೆ ಶುರುವಾಗುವ ಮುನ್ನ ನಮ್ಮಿಬ್ಬರನ್ನು ಜಗುಲಿಗೆ ಕರೆದುಕೊಂಡು ಹೋಗಿ ವಿಷಯ ಹೇಳಿದರು.

ತಾಲ್ಲೂಕು ಬೋರ್ಡಿನವರು ಪಂಚಾಯ್ತಿಗೆ ಒಂದು ಬೋರಿಂಗು, ಅಂದರೆ ಕೊಳವೆಬಾವಿಗೆ ಕೈಪಂಪು ಹಾಕಿದ್ದು, ಮಂಜೂರು ಮಾಡಿದ್ದರು. ಕೊರೆಯುವ ಲಾರಿ ಶುಕ್ರವಾರ ಬರುತ್ತದೆ. ಎಲ್ಲಿ ಕೊರೆಯಬೇಕೆಂದು ಇವತ್ತೇ ತೀರ್ಮಾನಿಸಬೇಕು. ಗಂಗಣ್ಣನವರಿಗೆ ಸ್ಕೂಲಿನ ಮುಂದೆ ಬೇಕು. ಕಾಲೋನಿಯ ಸದಸ್ಯ ಚಿಕ್ಕಹನುಮಯ್ಯನವರಿಗೆ ಕಾಲೋನಿಯಲ್ಲಿ ಬೇಕು. ಪಕ್ಕದ ಪಾಳ್ಯದ ಸದಸ್ಯರಿಗೂ ಕಾಲೋನಿಯೇ ಹತ್ತಿರವಾದ್ದರಿಂದ ಅವರು ಆ ಕಡೆ ಸೇರಿದ್ದಾರೆ.

"ಒಂದು ಕೈ ಕಡಿಮೆ ಬೀಳ್ತಾ ಇದೆ," ಎಂದರು ಗಂಗಣ್ಣನವರು. "ನಮ್ಮ ನಂಜುಂಡ ಹೇಳ್ತಿದ್ದ, ನೀವು ಬಾಯಿ ತೆಗೆದ್ರೆ ಎದುರಿಗಿದ್ದೋರು ಮುಚ್ಕೋತಾರಂತೆ. ಸ್ಕೂಲಿನ ಪರವಾಗಿ ನಾಕು ಮಾತು ಆಡಿ ಅಪ್ಪಾ."

ಚೀಟಿ ಎತ್ತಿದಷ್ಟೇ ಸಲೀಸಾಗಿ ನಾನು ಒಪ್ಪಿಕೊಂಡೆ. ಬೇಲಿಯ ಪಕ್ಕ ಕೂತಿದ್ದ ಹೆಂಗಸರನ್ನು ನೋಡಿ ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ಆ ಕಡೆಯ ವಾದ ತುಂಬ ಸುಲಭ, ಈ ಕಡೆಯದು ಕಷ್ಟ, ಅದಕ್ಕೇ ಇದು ರುಚಿ ಎಂದು ಯೋಚಿಸಿದ್ದು ಚೆನ್ನಾಗಿ ನೆನಪಿದೆ.

ಸಭೆ ನಾನು ಭಾವಿಸಿದ್ದಕ್ಕಿಂತ ಕ್ರಮವಾಗಿ ನಡೆಯಿತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಲಿಲ್ಲ. ನಮ್ಮ ಸ್ಪರ್ಧೆಗಳಲ್ಲಿ ಕೂಡ ಇಷ್ಟು ಶಿಸ್ತಿರುವುದಿಲ್ಲ. ನಡುವೆ ಕಾಫಿ ಬಂತು. ಎಲ್ಲರಿಗೂ ಸ್ಟೀಲ್ ಲೋಟ. ಬೆಂಚಿನ ಮೇಲೆ ಕೂತಿದ್ದ ಒಬ್ಬರು ಮಾತ್ರ ಎದ್ದು, ಕಿಟಕಿಯ ಕಟ್ಟೆಯ ಮೇಲಿದ್ದ ಗಾಜಿನ ಲೋಟ ತಾವೇ ತೆಗೆದುಕೊಂಡು, ಮೇಲಿನಿಂದ ಹೊಯ್ಯಿಸಿಕೊಂಡರು. ಅವರೇ ಚಿಕ್ಕಹನುಮಯ್ಯ. ಐವತ್ತರ ಆಸುಪಾಸು, ಬಿಳಿ ಷರಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿದ್ದರು. ನಾನು ಆ ಲೋಟವನ್ನು ನೋಡಿದೆ. ನೋಡಿ, ವಾದಕ್ಕೆ ಒದಗುತ್ತದೆಂದು ನೆನಪಿಟ್ಟುಕೊಂಡೆ.

ನನ್ನ ಸರದಿ ಬಂದಾಗ ಪಾಳ್ಯದ ಸದಸ್ಯರು, "ಇವರ್ಯಾರು? ಮೆಂಬರಾ?" ಎಂದು ಕೇಳಿದರು.

"ಲಾ ಓದ್ತಾ ಇದಾರೆ. ಸಲಹೆ ಕೊಡ್ತಾರೆ. ಕೇಳಿದ್ರೆ ಕಿವಿ ಏನು ಸವೆಯಲ್ಲ," ಎಂದರು ಗಂಗಣ್ಣನವರು. ನಗು ಎದ್ದಿತು. ಆಕ್ಷೇಪಣೆ ಅಲ್ಲಿಗೆ ಮುಗಿಯಿತು.

ನಾನು ಎದ್ದು ನಿಂತು ಯಾರೂ ನಿರೀಕ್ಷಿಸದ ಕಡೆಯಿಂದ ಶುರುಮಾಡಿದೆ. ಸ್ಕೂಲಿನ ಮಕ್ಕಳ ಬಾಯಾರಿಕೆಯ ಮಾತೇ ಎತ್ತಲಿಲ್ಲ. ಕಾಲೋನಿಯಲ್ಲಿ ಬೋರಿಂಗು ಹಾಕಿದರೆ ಏನಾಗುತ್ತದೆ? ಅದು ಕಾಲೋನಿಯ ನೀರಾಗುತ್ತದೆ, ಊರ ಬಾವಿಯದು ಊರಿನ ನೀರಾಗುತ್ತದೆ. ಇವತ್ತು ಅನುಕೂಲವೆಂದು ಮಾಡಿಕೊಂಡದ್ದು ನಾಳೆ ಗೋಡೆಯಾಗುತ್ತದೆ. ಬೋರಿಂಗು ಊರ ನಡುವೆ, ಸರ್ಕಾರದ ಜಾಗದಲ್ಲಿ, ಸ್ಕೂಲಿನ ಮುಂದೆ ಇದ್ದರೆ ಅದರ ಹಿಡಿಗೆ ಎಲ್ಲರ ಕೈಯೂ ಬೀಳಲೇಬೇಕು. ಇಲ್ಲಿ ಕಿಟಕಿಯ ಮೇಲೆ ಒಂದು ಲೋಟ ಬೇರೆ ಕೂತಿದೆ. "ಎರಡು ಲೋಟ ಸಾಲದು ಅಂತ ಎರಡು ನೀರು ಬೇರೆ ಮಾಡ್ಕೋಬೇಕಾ?" ಎಂದು ಕೇಳಿ ಕೂತೆ.

ಚಪ್ಪಾಳೆ ಬೀಳಲಿಲ್ಲ. ಕುರ್ಚಿಯವರೆಲ್ಲ ತಲೆ ತಗ್ಗಿಸಿದ್ದರು. ಚಿಕ್ಕಹನುಮಯ್ಯ ಮಾತ್ರ ನನ್ನನ್ನೇ ನೋಡುತ್ತಿದ್ದರು.

"ಸಾರ್, ಒಂದು ಮಾತು. ನೀವು ಹೇಳಿದಂಗೆ, ನಮ್ಮ ಹೆಣ್ಣುಮಕ್ಕಳು ಇಲ್ಲಿ ಸ್ಕೂಲ ಮುಂದೆ ಬಂದು ನೀರು ಹಿಡೀಬೌದಾ?"

"ಹಿಡಿಯಬಹುದು. ತಡೆದವರಿಗೆ ಕಾನೂನಿನಲ್ಲಿ ಶಿಕ್ಷೆ ಇದೆ."

ಅವರು ಗಂಗಣ್ಣನವರ ಕಡೆ ತಿರುಗಿದರು. ಗಂಗಣ್ಣನವರು ಮೇಜಿನ ಮೇಲಿದ್ದ ಕಾಗದ ಸರಿಮಾಡುತ್ತಿದ್ದರು. ಆಮೇಲೆ ಕೈ ಎತ್ತಲು ಹೇಳಿದಾಗ ಚಿಕ್ಕಹನುಮಯ್ಯ ಸ್ಕೂಲಿನ ಪರವಾಗಿ ಕೈ ಎತ್ತಿದರು.

ಮೂರು ವರ್ಷದಿಂದ ವೇದಿಕೆಯ ಮೇಲೆ ಮಾತಾಡುತ್ತಿದ್ದೇನೆ. ತೀರ್ಪುಗಾರರು ಅಂಕ ಕೊಟ್ಟಿದ್ದಾರೆ, ಷೀಲ್ಡು ಕೊಟ್ಟಿದ್ದಾರೆ. ನನ್ನ ಮಾತು ಕೇಳಿ ಯಾರಾದರೂ ಮನಸ್ಸು ಬದಲಾಯಿಸಿದ್ದನ್ನು ಅವತ್ತಿನವರೆಗೂ ನೋಡಿರಲಿಲ್ಲ. ಅದು ಆಗಬಹುದೆಂಬ ಯೋಚನೆಯೇ ಬಂದಿರಲಿಲ್ಲ. ಆ ಮನುಷ್ಯ ನಾನು ಆಡಿದ್ದನ್ನೆಲ್ಲ ನಾನು ನಂಬಿದ್ದೇನೆಂದು ತಿಳಿದು, ತೂಗಿ ನೋಡಿ, ಬಿಂದಿಗೆ ಹೊರುವ ತಮ್ಮವರ ಪಾಲಿನ ನೀರನ್ನು ಬಿಟ್ಟುಕೊಟ್ಟಿದ್ದರು.

ಊಟ ಗಂಗಣ್ಣನವರ ಮನೆಯಲ್ಲಿ. ಮುದ್ದೆ, ಬಸ್ಸಾರು, ಮೇಲೆ ಮಜ್ಜಿಗೆ. ಬಡಿಸುತ್ತಿದ್ದ ಅವರ ಹೆಂಡತಿಗೆ ಸುದ್ದಿ ಆಗಲೇ ಮುಟ್ಟಿತ್ತು.

"ಅಲ್ಲ ಕಣ್ರೀ, ಅವರೂ ಬಂದು ಅದನ್ನ ಮುಟ್ಟಿದ್ರೆ ನಾವು ನೀರಿಗೆ ಎಲ್ಲಿಗೆ ಹೋಗೋದು?"

"ಸುಮ್ನಿರೇ, ಅವರು ಬರಲ್ಲ. ಅಷ್ಟು ಬುದ್ಧಿ ಇದೆ ಅವರಿಗೆ," ಎಂದರು ಗಂಗಣ್ಣನವರು, ಸಾರಿಗೆ ಮುದ್ದೆ ಅದ್ದುತ್ತ.

ನನ್ನ ಕೈ ನಿಂತಿತು. "ಎಲ್ಲರಿಗೂ ಸೇರಿದ್ದು ಅಂತ ಸಭೇಲಿ ಹೇಳಿದ್ದಾಯ್ತಲ್ಲ ಸಾರ್?"

"ಹೇಳಿದ್ದು ನೀವು. ನಾನಲ್ಲವಲ್ಲ." ಅವರ ನಗುವಿನಲ್ಲಿ ಕೆಟ್ಟತನ ಕಾಣಲಿಲ್ಲ, ಗೆದ್ದ ಹುಡುಗನ ಮೇಲಿನ ಮೆಚ್ಚುಗೆಯೇ ಇತ್ತು. "ನಾನು ಕೈ ಎತ್ತಿದ್ದು ಬೋರಿಂಗಿಗೆ, ನಿಮ್ಮ ಭಾಷಣಕ್ಕಲ್ಲ. ಆದರೂ ಆ ಲೋಟದ ಮಾತು ಇದೆಯಲ್ಲ, ಭಲೇ!"

ತೀರ್ಮಾನವನ್ನು ಮತ್ತೆ ಸಭೆಯ ಮುಂದಿಡಬಹುದೇ ಎಂದು ಕೇಳಿದೆ. ಮುಂದಿನ ಸಭೆ ತಿಂಗಳಾದ ಮೇಲೆ, ಲಾರಿ ಶುಕ್ರವಾರ ಎಂದರು. ಕಾಲೋನಿಯ ಪರವಾಗಿ ನಾನು ವಾದ ಶುರುಮಾಡಿದೆ, ಒಳ್ಳೆಯ ವಾದವೇ. ಗಂಗಣ್ಣನವರು ಬೆರಗಿನಿಂದ ಕೇಳಿ, "ನಂಜುಂಡ, ನಿನ್ನ ಸ್ನೇಹಿತರು ಮದ್ದಳೆ ಕಣೋ, ಎರಡೂ ಕಡೆ ಬಾರಿಸ್ತಾರೆ," ಎಂದರು. ಮನೆಯವರೆಲ್ಲ ನಕ್ಕರು. ನಾಚಿಕೆಗೆ ಹಸಿವೇನೂ ಇಂಗಲಿಲ್ಲ. ಎರಡನೆಯ ಮುದ್ದೆಯನ್ನೂ ಉಂಡೆ. ಅದನ್ನೂ ಇಲ್ಲಿ ಬರೆದಿಡಬೇಕು.

ನಂಜುಂಡ ಆ ರಾತ್ರಿ ಅಲ್ಲೇ ಉಳಿದ. ನಾನು ಒಬ್ಬನೇ ಸಂಜೆಯ ಬಸ್ಸಿಗೆ ರಸ್ತೆಗೆ ಬಂದೆ. ಹುಣಿಸೆಮರದ ಕೆಳಗೆ ಚಿಕ್ಕಹನುಮಯ್ಯ ನನಗಾಗಿ ಕಾಯುತ್ತಿದ್ದರು. ಜೊತೆಯಲ್ಲಿ ಅವರ ಹೆಂಡತಿ ಲಕ್ಷ್ಮಮ್ಮ; ಪಕ್ಕದಲ್ಲಿ ಖಾಲಿ ಬಿಂದಿಗೆ. ತೋಟದ ಪಂಪು ಅವತ್ತು ಓಡಿರಲಿಲ್ಲ.

"ಇವರೇ ಕಣಮ್ಮಿ," ಎಂದರು ಚಿಕ್ಕಹನುಮಯ್ಯ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮನೆ ಮುಂದೆ ಬರೋ ನೀರ ಊರೊಳಕ್ಕೆ ಕಳಿಸಿ ಬಂದವ್ನೆ ನನ್ನ ಗಂಡ. ಏನು ಮಂತ್ರ ಹಾಕಿದ್ಯಪ್ಪಾ? ನಿಮ್ಮನೇಲಿ ನೀರು ಎಲ್ಲೈತೆ?"

"ಕೊಳಾಯಿ... ಅಡುಗೆಮನೇಲೇ ಇದೆ."

"ಹ್ಞೂಂ," ಎಂದರು ಆಕೆ.

ನಾನು ಊಟದ ಮನೆಯ ಮಾತನ್ನು ಹೇಳಲು ಹೊರಟೆ. "ನೋಡಿ, ಚೇರ್ಮನ್ನರ ಮನಸ್ಸಿನಲ್ಲಿ..."

"ಅವರ ಮನಸ್ಸು ನಂಗೊತ್ತಿಲ್ವಾ ಸಾರ್?" ಚಿಕ್ಕಹನುಮಯ್ಯ ನನ್ನ ಮಾತನ್ನು ಮೆಲ್ಲಗೆ ತಡೆದರು. "ಅವರನ್ನ ನೆಚ್ಚಿ ಕೈ ಎತ್ತಲಿಲ್ಲ. ನಿಮ್ಮ ಮಾತು ನೆಚ್ಚಿ ಎತ್ತಿದೆ. ಆ ಲೋಟ ಎಷ್ಟು ವರ್ಷದಿಂದ ಅಲ್ಲಿ ಕೂತೈತೆ, ಒಬ್ಬರಾದ್ರೂ ಬಾಯಿಬಿಟ್ಟು ಅಂದಿರ್ಲಿಲ್ಲ. ನೀವು ಅಂದ್ರಿ. ಶುಕ್ರವಾರ ಬೋರಿಂಗಲ್ಲಿ ನೀರು ಬಿದ್ದಾಗ ನಮ್ಮಾಕೆ ಮೊದಲ ಬಿಂದಿಗೆ ಇಡ್ತಾಳೆ. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ, ಸಾಕು. ಲಾ ಓದಿದೋರು ನಿಂತಿದ್ರೆ ಯಾರೂ ತಡೆಯಕ್ಕಿಲ್ಲ."

"ತಡೆದ್ರೆ ಏಟು ತಿನ್ನೋಳು ನಾನು," ಎಂದರು ಲಕ್ಷ್ಮಮ್ಮ. "ಆದ್ರೂ ಇಡ್ತೀನಿ. ಇವನು ಕೈ ಎತ್ತಿ ಬಂದವ್ನಲ್ಲ, ಇನ್ನೇನು ಮಾಡ್ಲಿ?"

ಅಷ್ಟರಲ್ಲಿ ಬಸ್ಸು ಬಂತು. ನಾನು ಆತುರಾತುರವಾಗಿ ಕೈಮುಗಿದೆ, ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಲ್ಲಿಂದ ಬಗ್ಗಿ, "ಬರ್ತೀನಿ," ಎಂದೆ.

ಚಿಕ್ಕಹನುಮಯ್ಯನವರ ಮುಖ ಅರಳಿತು. "ಬತ್ತಾರೆ ಕಣಮ್ಮಿ, ನಾನು ಹೇಳಲಿಲ್ವಾ?"

ಲಕ್ಷ್ಮಮ್ಮ ಬಸ್ಸಿನ ಹತ್ತಿರಕ್ಕೇ ಬಂದು ಕತ್ತು ಎತ್ತಿ ನನ್ನನ್ನು ನೋಡಿದರು.

"ಯಾವ ಬತ್ತೀನಿ ಅಪ್ಪಾ ಇದು? ಹೋಗೋ ಬತ್ತೀನೋ, ಬರೋ ಬತ್ತೀನೋ?"

ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು. ಹಿಂತಿರುಗಿ ನೋಡಿದಾಗ ಚಿಕ್ಕಹನುಮಯ್ಯ ಆಗಲೇ ಹಳಿಯ ಕಡೆ ನಡೆಯುತ್ತಿದ್ದರು. ಆಕೆ ಮಾತ್ರ ಅಲ್ಲೇ ನಿಂತಿದ್ದರು.

ಇದನ್ನು ಬರೆಯುತ್ತಿರುವುದು ಬುಧವಾರ. ನೀವು ಓದುವ ಹೊತ್ತಿಗೆ ಶುಕ್ರವಾರ ಕಳೆದುಹೋಗಿರುತ್ತದೆ. ಶುಕ್ರವಾರ ನನಗೆ ಕಾಲೇಜಿದೆ, ಹಾಜರಿ ಕಡಿಮೆಯಿದೆ. ಹೊರಗಿನವನು ಹೋಗಿ ನಿಂತರೆ ಊರಿನಲ್ಲಿ ಜಗಳ ಹೆಚ್ಚಾಗಬಹುದು, ಅದರ ಪೆಟ್ಟು ಅವರಿಗೇ ಬೀಳಬಹುದು. ಎರಡು ದಿನದಿಂದ ಇದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ವಾದದಲ್ಲಿ ಒಂದು ಲೋಪವೂ ಸಿಕ್ಕಿಲ್ಲ.