ತಿರುಗಿ ಕೂತ ಪಿಸ್ಟನ್

ಹೇಳಿಬಿಡಲೇ, ಬೇಡವೇ? ನಸುಕಿನಿಂದ ಗರಗಸದಕ್ಕನ ಮನಸ್ಸಿನಲ್ಲಿ ಇದೊಂದೇ ಕೊರೆತ. ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಒಲೆಯ ಮೇಲೆ ನೀರು ಕುದಿಯುತ್ತಿದೆ, ಅದರಲ್ಲಿ ಮುಳುಗಿರುವುದು ಹೊಸ ಪಿಸ್ಟನ್. ಬಿಸಿಗೆ ತುಸು ಹಿಗ್ಗಿದರೆ ಸುತ್ತಿಗೆಯ ಗೊಡವೆಯಿಲ್ಲದೆ, ಬೆರಳಿನಿಂದ ಒತ್ತಿದರೇ ಅದನ್ನು ಎಂಜಿನ್ನಿಗೆ ಜೋಡಿಸುವ ಪಿನ್ನು ಒಳಗೆ ಜಾರುತ್ತದೆ.

"ಉಪ್ಪು ಹಾಕಿದ್ಯಾ?" ಎನ್ನುತ್ತಾರೆ ದರ್ಜಿ ಕೆಲಸದ ಗಂಡ, ಪಾತ್ರೆಗೆ ಇಣುಕಿ.

"ನಿಮಗೇ ಬಡಿಸ್ತೀನಿ, ತಿಂದು ಹೇಳಿ."

ಮರ ಕೊಯ್ಯುವ ಚೈನ್ ಗರಗಸಗಳ ಎಂಜಿನ್ ಬಿಚ್ಚಿ ಕಟ್ಟುವ ಈ ಕೆಲಸ ಗರಗಸದಕ್ಕನಿಗೆ ಬಂದದ್ದು ಮಾವನಿಂದ. ಮಾವನ ಕಣ್ಣು ಮಂಜಾದಾಗ ಸೊಸೆಯೇ ಕಣ್ಣಾದರು. ಅವರು ಸವರಿ ಹೇಳುವುದು, ಇವರು ನೋಡಿ ಬಿಗಿಯುವುದು. "ಶುರುನಲ್ಲಿ ಬಂದೋರೆಲ್ಲ 'ಮೇಸ್ತ್ರಿ ಇಲ್ವಾ?' ಅಂತ ನನ್ನ ಬೆನ್ನ ಹಿಂದೆ ಇಣುಕೋರು. ಅಲ್ಲಿದ್ದದ್ದು ಗೋಡೆ!" ಎಂದು ಈಗ ನಗುತ್ತಾರೆ. ಇಪ್ಪತ್ತಾರು ವರ್ಷವಾಯಿತು. ದಿನಕ್ಕೆ ಎರಡು ಗರಗಸ, ಒಮ್ಮೊಮ್ಮೆ ನಾಲ್ಕು. ಎಡಗಿವಿ ಅರ್ಧ ಮಂದ. 'ಅಕ್ಕನ ಕೈ ತಪ್ಪಲ್ಲ' ಎಂಬ ಊರ ಮಾತೊಂದೇ ಈ ಅಂಗಡಿಗಿರುವ ಬೋರ್ಡು.

ಇಂದು ಬೆಂಚಿನ ಮೇಲಿರುವ ಗರಗಸಕ್ಕೆ ಐವತ್ತು ದಾಟಿದೆ. ತಂದವರು ಮರ ಕಡಿಯುವ ಹಿರಿಯರೊಬ್ಬರು, ಅದು ಅವರಪ್ಪನದು. ಹನ್ನೊಂದು ವರ್ಷದ ಹಿಂದೆ ಇದೇ ಬೆಂಚಿನಲ್ಲಿ ಪಿಸ್ಟನ್ ಬದಲಾಯಿಸಿಕೊಂಡು ಹೋಗಿದ್ದರು. ವಾರದೊಳಗೆ ಎಂಜಿನ್ ಜಾಮ್ ಆಗಿ ನಿಂತಿತ್ತು. ಮರಳಿ ತಂದಾಗ, ಅವಸರದಲ್ಲಿದ್ದ ಗರಗಸದಕ್ಕ ಬಿಚ್ಚಿಯೂ ನೋಡದೆ, "ಪೆಟ್ರೋಲಿಗೆ ಎಣ್ಣೆ ಕಮ್ಮಿ ಬೆರೆಸಿದ್ದೀರಿ" ಎಂದುಬಿಟ್ಟಿದ್ದರು. ಹಿರಿಯರು ತಲೆ ತಗ್ಗಿಸಿಕೊಂಡು ಒಯ್ದು ಅಟ್ಟಕ್ಕೆ ಹಾಕಿದ್ದರು. ಈಗ ಮತ್ತೆ ಇಳಿಸಿ ತಂದಿದ್ದಾರೆ.

ನಿನ್ನೆ ಸಿಲಿಂಡರ್ ಎತ್ತಿದಾಗ ಗುಟ್ಟು ರಟ್ಟಾಯಿತು. ಪಿಸ್ಟನ್ನಿನ ತಲೆಯ ಮೇಲೆ ಬಾಣದ ಗುರುತಿರುತ್ತದೆ. ಅದು ಹೊಗೆ ಹೋಗುವ ಕಂಡಿಯತ್ತ ಮುಖ ಮಾಡಿರಬೇಕು. ಇಲ್ಲಿ ಬೆನ್ನು ಮಾಡಿತ್ತು. ಪಿಸ್ಟನ್ನಿನ ಸುತ್ತ ಇರುವ ರಿಂಗಿನ ತುದಿ ಕಂಡಿಗೆ ಸಿಕ್ಕಿ ಮುರಿದಿತ್ತು. ಎಣ್ಣೆ ಸಾಲದೆ ಉಜ್ಜಿದ ಗೀರು ಒಂದೂ ಇಲ್ಲ. ಹಳೆಯದನ್ನು ಗುಜರಿ ಡಬ್ಬಕ್ಕೆ ಎಸೆದರೆ ಕೇಳುವವರಿಲ್ಲ. ಎಸೆದಿಲ್ಲ, ಚಿಂದಿಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ.

ಈಗ ಬಿಸಿ ಪಿಸ್ಟನ್ನಿನೊಳಗೆ ಪಿನ್ನು ಜಾರುತ್ತದೆ. ಬಾಣವನ್ನು ಮೂರು ಸಲ ನೋಡಿ, ನಾಲ್ಕನೆಯ ಸಲ ಬೆರಳಿಂದ ಸವರಿ, ಸಿಲಿಂಡರ್ ಇಳಿಸುತ್ತಾರೆ. ಬಿಸಿಲು ಬೆಂಚಿಗೆ ಬರುವ ಹೊತ್ತಿಗೆ ಹಿರಿಯರೂ ಬರುತ್ತಾರೆ. ಹಗ್ಗ ಎಳೆದರೆ ಮೊದಲ ಸಲ ಕೆಮ್ಮು, ಎರಡನೆಯ ಸಲ ಹೊಗೆ, ಮೂರನೆಯದಕ್ಕೆ ಗರ್ಜನೆ. ಹಿರಿಯರು ಕೈಯೊಡ್ಡಿ ಅದರ ನಡುಕ ಮುಟ್ಟುತ್ತಾರೆ.

"ಅಪ್ಪನ ದನೀನೇ ಕಣಕ್ಕ!" ಎಂದು ಕೂಗುತ್ತಾರೆ. "ಈ ಸಲ ಎಣ್ಣೆ ಅಳತೆ ಬರ್ಕೊಡಿ. ಆವತ್ತು ನಾನೇ ಕೊಂದೆನಲ್ಲ ಇದನ್ನ, ಅಪ್ಪನ ಮುಖ ನೋಡೋಕೂ ಆಗ್ಲಿಲ್ಲ."

ಗರಗಸದಕ್ಕ ಎಂಜಿನ್ ಆರಿಸುತ್ತಾರೆ. ಪಕ್ಕದ ಕೋಣೆಯ ಹೊಲಿಗೆ ಮಿಷನ್ನೂ ನಿಲ್ಲುತ್ತದೆ. ಚಿಂದಿಬಟ್ಟೆ ಬಿಚ್ಚಿ ಹಳೆಯ ಪಿಸ್ಟನ್ ಹಿರಿಯರ ಅಂಗೈಗಿಡುತ್ತಾರೆ.

"ನೀವು ಕೊಂದಿದ್ದಲ್ಲಣ್ಣ. ಎಣ್ಣೆ ಸರಿಯಾಗೇ ಬೆರೆಸಿದ್ರಿ. ತಿರುಗಿಸಿ ಕೂರಿಸಿದ್ದು ನಾನು."