ಒಲೆಯಣ್ಣನಿಗೆ ಮುಖ ಸಿಕ್ಕಿದ್ದು

ಗ್ಯಾಸ್ ರಿಪೇರಿಗೆ ಬಂದವನ ಮುಖವನ್ನು ಯಾರೂ ನೋಡುವುದಿಲ್ಲ. ಬಾಗಿಲು ತೆಗೆದವರು ಮೊದಲು ಅವನ ಚಪ್ಪಲಿ ನೋಡುತ್ತಾರೆ, ಆಮೇಲೆ ಹೆಗಲ ಚೀಲ ನೋಡುತ್ತಾರೆ, ಆಮೇಲೆ ‘ಅಡುಗೆಮನೆ ಆ ಕಡೆ’ ಎಂದು ಕೈ ತೋರಿಸುತ್ತಾರೆ. ಅಲ್ಲಿಂದ ಮುಂದೆ ಅವರಿಗೆ ಕಾಣುವುದು ಬಗ್ಗಿದ ಬೆನ್ನು ಮಾತ್ರ. ಎಲ್ಲರೂ ಒಲೆಯಣ್ಣ ಎಂದು ಕರೆಯುತ್ತಿದ್ದ ಈ ಮನುಷ್ಯ ಗ್ಯಾಸ್ ಒಲೆ, ಗ್ಯಾಸ್ ಹೀಟರ್ ರಿಪೇರಿ ಮಾಡುತ್ತಲೇ ತಲೆಗೂದಲು ಅರ್ಧ ನರೆಸಿಕೊಂಡಿದ್ದ. ಒಮ್ಮೆ ಬಸ್ಸಿನಲ್ಲಿ ಹಳೆಯ ಗಿರಾಕಿಯೊಬ್ಬಳನ್ನು ಕಂಡು, ‘ಚೆನ್ನಾಗಿದೀರಾ ಅಮ್ಮಾ’ ಎಂದು ನಕ್ಕ. ಆಕೆ ಬ್ಯಾಗನ್ನು ಎದೆಗೆ ಅವುಚಿಕೊಂಡು ಮುಂದಿನ ಸೀಟಿಗೆ ಹೋದಳು. ಚೀಲವಿಲ್ಲದ ಒಲೆಯಣ್ಣ ಆಕೆಯ ಮಟ್ಟಿಗೆ ಯಾವನೋ ಪೋಲಿ. ಮನೆಗೆ ಬಂದು ಹೆಂಡತಿಗೆ ಹೇಳಿ ನಕ್ಕನಾದರೂ ಅದು ಒಳಗೆಲ್ಲೋ ಚುಚ್ಚಿತ್ತು.

ಹಾಗಾಗಿ ‘ರಿಪೇರಿ ಕಟ್ಟೆ’ಯ ಹುಚ್ಚು ಅವನಿಗೆ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಅದು ಫೋನಿನೊಳಗಿನ ಒಂದು ಕಟ್ಟೆ. ಫ್ಯಾನು, ಪಂಪು, ಒಲೆ ಕೆಟ್ಟವರು ಅಲ್ಲಿ ಬಂದು ಕೇಳುತ್ತಾರೆ, ಬಲ್ಲವರು ಉತ್ತರಿಸುತ್ತಾರೆ. ಉತ್ತರ ಹಿಡಿಸಿದರೆ ಕೇಳಿದವರು ಒಂದು ಹಸಿರು ‘ಒಪ್ಪಿಗೆ’ ಒತ್ತುತ್ತಾರೆ. ಐವತ್ತು ಒಪ್ಪಿಗೆ ಆಗುವ ತನಕ ಸದಸ್ಯನಿಗೆ ತನ್ನ ಫೋಟೋ ಹಾಕುವ ಹಕ್ಕಿಲ್ಲ. ಹೆಸರಿನ ಪಕ್ಕದಲ್ಲಿ ಕಣ್ಣು ಮೂಗು ಏನೂ ಇಲ್ಲದ ಬೂದು ಬಣ್ಣದ ಗುಂಡೊಂದು ಕೂತಿರುತ್ತದೆ. ಕಟ್ಟೆಯ ಹಿರಿಯರು ಅಂಥವರನ್ನು ‘ಬೂದುಗುಂಬಳ’ ಎಂದು ಗೇಲಿ ಮಾಡುತ್ತಿದ್ದರು. ಹೊಸದಾಗಿ ಸೇರುವವರಿಗೆ ಕಟ್ಟೆಯವರೇ ಬರೆದಿಟ್ಟ ಬುದ್ಧಿವಾದವೂ ಒಂದಿತ್ತು: ಮುಖ ಇರುವವರ ಮಾತು ನಂಬಿ.

ಒಲೆಯಣ್ಣ ಅಲ್ಲಿ ‘ನೀಲಿ ಉರಿ’ ಎಂಬ ಹೆಸರಿನಲ್ಲಿ ಬೂದುಗುಂಬಳವಾಗಿದ್ದ. ಕೆಲಸದ ನಡುವೆ, ಬಸ್ ಸ್ಟಾಪಿನಲ್ಲಿ, ಊಟದ ತಟ್ಟೆಯ ಮುಂದೆ, ಎಲ್ಲೆಂದರಲ್ಲಿ ಉತ್ತರ ಬರೆಯುತ್ತಿದ್ದ. ಒಪ್ಪಿಗೆ ನಲವತ್ತು ದಾಟುತ್ತಿದ್ದಂತೆ ಸ್ಟುಡಿಯೋಗೆ ಹೋಗಿ, ಮೀಸೆ ತಿದ್ದಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫೋಟೋ ಹೊಡೆಸಿಕೊಂಡು ಬಂದ.

ಹೆಂಡತಿ ಫೋಟೋವನ್ನು ದೂರ ಹಿಡಿದು ನೋಡಿದಳು. ‘ನನ್ನನ್ನ ನೋಡೋಕೆ ಬಂದ ದಿನ ತಲೆ ಕೂಡ ಬಾಚಿರ್ಲಿಲ್ಲ ನೀವು. ಈಗ ಯಾರ ಮನೆಗೆ ಅಳಿಯ ಆಗ್ಬೇಕು ಅಂತ?’

‘ನಗು, ನಗು. ಮುಖ ಸಿಗ್ಲಿ, ಆಮೇಲೆ ನೋಡು.’

ಐವತ್ತನೆಯ ಒಪ್ಪಿಗೆಗೆ ಒಂದೇ ಒಂದು ಬಾಕಿ ಇದ್ದಾಗ ‘ಸೂಜಿದಾರ’ ಎಂಬ ಹೆಸರಿನ ಹೆಂಗಸೊಬ್ಬಳು ಪ್ರಶ್ನೆ ಹಾಕಿದಳು. ಜೊತೆಗೆ ಬಚ್ಚಲುಮನೆಯ ಹೀಟರಿನ ಫೋಟೋ. ‘ಗ್ಯಾಸ್ ಹೀಟರ್ ಹೊತ್ಕೊಳ್ಳುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಆರಿಹೋಗುತ್ತೆ. ಚಳಿ ಶುರುವಾದಾಗಿಂದ ಹೀಗೇ. ಮಗಳು ಅರ್ಧ ಸ್ನಾನದಲ್ಲಿ ತಣ್ಣೀರಿಗೆ ಸಿಕ್ಕಿಬೀಳ್ತಾಳೆ, ತಲೆನೋವು ಅಂತ ಮಲಗ್ತಾಳೆ. ನಾನು ಇಡೀ ದಿನ ಕೆಳಗಡೆ ಹೊಲಿಗೆ ಅಂಗಡೀಲಿ ಇರ್ತೀನಿ. ಯಾರಾದ್ರೂ ದಾರಿ ಹೇಳಿ.’

ಪ್ರಶ್ನೆಯ ಕೆಳಗೆ ‘ಯಾರೋ ಬರೆಯುತ್ತಿದ್ದಾರೆ’ ಎಂದು ಆಗಲೇ ಮಿನುಗುತ್ತಿತ್ತು. ಇನ್ನೊಬ್ಬ ಮೊದಲು ಬರೆದರೆ ಒಪ್ಪಿಗೆ ಅವನ ಪಾಲಿಗೆ. ಹೊತ್ತಿಕೊಂಡು ಆರುವ ಹೀಟರು ಎಂದರೆ ಸೆನ್ಸರು ಹಾಳಾಗಿದೆ ಎಂದೇ ಲೆಕ್ಕ ಹಾಕಿದ. ‘ಒಳಗಿನ ಸೆನ್ಸರ್ ಹೋಗಿದೆ. ಅದರ ಎರಡು ವಯರ್ ಬಿಚ್ಚಿ ಒಂದಕ್ಕೊಂದು ಕೂಡಿಸಿ. ಮತ್ತೆ ಆರಲ್ಲ’ ಎಂದು ಬರೆದು ಕಳಿಸಿದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

‘ಸರಿ ಅಣ್ಣ, ಸಂಜೆ ಮಾಡಿಸ್ತೀನಿ’ ಎಂದು ಆಕೆ ಹಸಿರು ಒತ್ತಿಬಿಟ್ಟಳು. ಒಡನೆ ಕಟ್ಟೆಯಿಂದ ಅಭಿನಂದನೆ ಬಂತು. ಒಲೆಯಣ್ಣ ಫೋಟೋ ಹಾಕಿದ. ಹಿಂದೆ ಬರೆದ ಎಲ್ಲ ಉತ್ತರಗಳ ಪಕ್ಕದಲ್ಲೂ ಬೂದು ಗುಂಡು ಹೋಗಿ ತಿದ್ದಿದ ಮೀಸೆ ಬಂದು ಕೂತಿತು. ಅವನು ಒಂದೊಂದನ್ನೂ ತೆರೆದು ತೆರೆದು ನೋಡಿದ.

ಅಷ್ಟರಲ್ಲಿ, ಮೊದಲಿಂದ ಬರೆಯುತ್ತಿದ್ದವನ ಉತ್ತರವೂ ಬಂದಿತ್ತು. ‘ಗಾಳಿಪಟ’ ಎಂಬ ಹೆಸರಿನ ಅಪ್ಪಟ ಬೂದುಗುಂಬಳ. ‘ವಯರ್ ಮುಟ್ಟಬೇಡಿ ಅಕ್ಕ. ಬಚ್ಚಲಲ್ಲಿ ಗಾಳಿ ಆಡುತ್ತಾ ಮೊದಲು ನೋಡಿ’ ಎಂದಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಒಂದು ಗಳಿಗೆ ಮುಂಚೆ ತನಕ ತಾನೂ ಕುಂಬಳವೇ ಆಗಿದ್ದವನು ಹೊಸ ಮುಖದ ಗತ್ತಿನಲ್ಲಿ ಅದರ ಕೆಳಗೆ ಬರೆದ: ‘ನಾನು ಈ ಕೆಲಸ ಶುರು ಮಾಡಿದಾಗ ನೀನು ಹುಟ್ಟಿದ್ಯೋ ಇಲ್ವೋ ಮರಿ. ಮೊದಲು ಮುಖ ಸಂಪಾದಿಸು, ಆಮೇಲೆ ಬುದ್ಧಿ ಹೇಳು.’ ಹಲವರು ನಗುವ ಗುರುತು ಒತ್ತಿದರು.

ಮರುದಿನ ಬೆಳಿಗ್ಗೆ ಅವನು ಹೀಟರ್ ರಿಪೇರಿಗೆಂದು ಒಂದು ಮನೆಗೆ ಹೋದ. ಮೂರನೇ ಮಹಡಿ, ಒಬ್ಬರು ನಿಂತರೆ ಇನ್ನೊಬ್ಬರು ತಿರುಗಲಾಗದಷ್ಟು ಚಿಕ್ಕ ಬಚ್ಚಲು. ಅಲ್ಲೂ ಅದೇ ದೂರು. ಹೊತ್ತಿಕೊಂಡು ಆರಿಹೋಗುತ್ತೆ. ಚೀಲ ಇಳಿಸಿ ತಲೆ ಎತ್ತಿದರೆ ಗೋಡೆಯ ಗಾಳಿಕಿಂಡಿಗೆ ದಪ್ಪ ಪ್ಲಾಸ್ಟಿಕ್ ಅಂಟಿಸಿದ್ದಾರೆ.

‘ಇದನ್ನ ಯಾಕೆ ಮುಚ್ಚಿದ್ರಿ?’

‘ಚಳಿ ಅಲ್ವಾ. ಗಾಳಿ ಕೊರೀತಿತ್ತು, ಅಂಟಿಸ್ಬಿಟ್ವಿ’ ಎಂದಳು ಮನೆಯಾಕೆ.

ಒಲೆಯಣ್ಣ ಸ್ಟೂಲ್ ಹತ್ತಿ ಪ್ಲಾಸ್ಟಿಕ್ ಕಿತ್ತು, ‘ಹಾಗೆಲ್ಲ ಮುಚ್ಬಾರದಮ್ಮ. ಉರಿದ ವಿಷಗಾಳಿ ಹೊರಗೆ ಹೋಗ್ಬೇಕು. ಅದು ತುಂಬ್ಕೊಂಡ್ರೆ ಸೆನ್ಸರ್ರೇ ಹೀಟರನ್ನ ಆರಿಸುತ್ತೆ, ನಿಮ್ಮ ಜೀವ ಉಳಿಸೋಕೆ. ಮೊದಲು ತಲೆನೋವು ಬರುತ್ತೆ, ಆಮೇಲೆ...’ ಎನ್ನುತ್ತಿದ್ದವನ ಮಾತು ಅಲ್ಲೇ ನಿಂತಿತು.

ಚಳಿ ಶುರುವಾದಾಗಿಂದ. ಮಗಳಿಗೆ ತಲೆನೋವು. ಎರಡೂ ಆ ಪ್ರಶ್ನೆಯಲ್ಲೇ ಇದ್ದವು. ಅವನು ಓದಿದ್ದ, ಓದಿಯೂ ಓದಿರಲಿಲ್ಲ. ಹೀಟರು ಕೆಟ್ಟಿರಲೇ ಇಲ್ಲ. ಅದು ಆ ಹುಡುಗಿಯ ಜೀವ ಕಾಯುತ್ತಿತ್ತು. ಆ ಕಾವಲನ್ನು ತಾನೇ ಬಿಚ್ಚಿಸಿದ್ದ.

ಸ್ಟೂಲಿನಿಂದ ಇಳಿಯುವಾಗ ಗೋಡೆ ಹಿಡಿದುಕೊಂಡ.

‘ಏನಾಯ್ತು? ನಿಮ್ಮ ಮುಖ ಯಾಕೆ ಹೀಗಾಯ್ತು?’ ಎಂದಳು ಮನೆಯಾಕೆ.

ಅವನು ಫೋನ್ ತೆಗೆದ. ಕಟ್ಟೆ ತೆರೆದು ತನ್ನ ಉತ್ತರವನ್ನು ಅಳಿಸಿದ. ‘ಸೂಜಿದಾರ ಅವರೇ, ವಯರ್ ಕೂಡಿಸಬೇಡಿ. ಕೂಡಿಸಿದ್ದರೆ ಹೀಟರ್ ಹಚ್ಚಲೇಬೇಡಿ’ ಎಂದು ಬರೆದ. ಮತ್ತೆ ಬರೆದ. ಮೂರನೆಯ ಸಲ ಬರೆದ. ಆ ಕಡೆಯಿಂದ ಏನೂ ಇಲ್ಲ. ಸೂಜಿದಾರ ಯಾವ ಊರಿನವಳೋ, ಹೆಸರೇನೋ, ಒಂದೂ ಗೊತ್ತಿಲ್ಲ. ತನ್ನ ಮುಖ ಅವಳಿಗೆ ಗೊತ್ತು, ಅವಳದು ತನಗೆ ಗೊತ್ತಿಲ್ಲ.

ಆಕೆ ಹಾಕಿದ ಹೀಟರಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಬದಿಯಲ್ಲಿ ಮಾರಿದ ಅಂಗಡಿಯ ಚೀಟಿ ಅಂಟಿತ್ತು, ಅದರಲ್ಲಿ ಫೋನ್ ನಂಬರು. ಕರೆ ಮಾಡಿದ. ಎತ್ತಿದ ಅಂಗಡಿಯವನು ಸಿಡುಕಿನವನು.

‘ರೀ, ದಿನಾ ಹೀಟರ್ ಮಾರ್ತೀನಿ. ಯಾರು ಅಂತ ನೆನಪಿಟ್ಕೊಳ್ಳಿ?’

‘ಹೊಲಿಗೆ ಅಂಗಡಿ ಇದೆ ಅವರಿಗೆ. ಮನೆ ಅಂಗಡಿ ಮೇಲೇನೇ. ಒಬ್ಳು ಮಗಳು. ದಮ್ಮಯ್ಯ ಅಂತೀನಿ ಸ್ವಾಮಿ, ಜೀವದ ಪ್ರಶ್ನೆ.’

ಅವನ ದನಿಯಲ್ಲಿ ಏನು ಕೇಳಿಸಿತೋ, ಅಂಗಡಿಯವನ ಸಿಡುಕು ಇಳಿಯಿತು. ‘ಹೊಲಿಗೆಯಮ್ಮನಾ? ಇರಿ, ನನ್ನ ಹೆಂಡ್ತಿ ಅಲ್ಲೇ ಬಟ್ಟೆ ಕೊಡೋದು. ನಂಬರ್ ಇದೆ’ ಎಂದ.

ಆಕೆ ಫೋನ್ ಎತ್ತಿದಾಗ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ‘ಯಾರು? ಓ, ನೀಲಿ ಉರಿ ಅಣ್ಣಾನಾ! ಅಣ್ಣ, ನಿನ್ನೆ ಸಂಜೇನೇ ವಯರ್ ಕೂಡಿಸಿದ್ವಿ. ಈಗ ಚೆನ್ನಾಗಿ ಉರೀತಿದೆ. ಮಗಳು ಈಗ ಸ್ನಾನಕ್ಕೇ ಹೋಗಿದಾಳೆ.’

‘ಈಗಾ? ಅಮ್ಮಾ, ಓಡಿ. ಮೇಲೆ ಓಡಿ. ಅವಳನ್ನ ಹೊರಗೆ ಕರೀರಿ, ಈಗಲೇ! ಆ ಗಾಳಿ ವಿಷ!’

ಯಂತ್ರ ನಿಂತಿತು. ಕುರ್ಚಿ ಬಿದ್ದ ಸದ್ದು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಏದುಸಿರು. ಆಕೆ ಫೋನ್ ಕೈಯಲ್ಲೇ ಹಿಡಿದು ಓಡುತ್ತಿದ್ದಳು. ಒಲೆಯಣ್ಣ ಯಾರದೋ ಬಚ್ಚಲಿನ ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದ.

‘ಪುಟ್ಟೀ! ಬಾಗಿಲು ತೆಗಿ! ಪುಟ್ಟೀ!’ ದಬದಬ ಬಡಿತ. ನೀರು ಸುರಿಯುವ ಸದ್ದು ಕೇಳುತ್ತಿತ್ತು. ಹುಡುಗಿಯ ದನಿ ಕೇಳುತ್ತಿರಲಿಲ್ಲ.

‘ಅಣ್ಣಾ, ಮಾತಾಡ್ತಿಲ್ಲ. ಚಿಲಕ ಹಾಕ್ಕೊಂಡಿದಾಳೆ.’

‘ಸಿಲಿಂಡರ್ ಎಲ್ಲಿದೆ? ಹೊರಗಿದ್ರೆ ಮೊದಲು ಅದನ್ನ ಆಫ್ ಮಾಡಿ. ಅಕ್ಕಪಕ್ಕದವರನ್ನ ಕೂಗಿ. ಬಾಗಿಲು ಒಡೀರಿ ಅಮ್ಮ!’

ಆಕೆ ಕೂಗಿದ ಕೂಗಿಗೆ ಕೆಳಗಿನ ಸಲೂನಿನವರು ಓಡಿ ಬಂದರು. ಒಂದು ಒದೆತ. ಇನ್ನೊಂದು ಒದೆತ. ಬಾಗಿಲು ಗಟ್ಟಿ. ಒಲೆಯಣ್ಣನಿಗೆ ದೇವರನ್ನು ನೆನೆಯಲೂ ಹೆದರಿಕೆ. ಯಾವ ಮುಖ ಇಟ್ಟುಕೊಂಡು ಬೇಡುವುದು? ಮೂರನೆಯ ಒದೆತಕ್ಕೆ ಮರ ಸೀಳಿತು. ತಾಯಿ ಕಿರುಚಿದಳು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಹಿಡ್ಕೋ, ಎತ್ತು, ಟವಲ್ ಕೊಡು, ತಾರಸಿಗೆ ಒಯ್ಯಿ. ಫೋನು ಎಲ್ಲೋ ಬಿತ್ತು. ದೂರದಲ್ಲಿ ಅಳು ಕೇಳುತ್ತಿತ್ತು. ಅದು ಯಾವ ತರದ ಅಳು ಎಂದು ಅವನಿಗೆ ತಿಳಿಯಲಿಲ್ಲ. ಕರೆ ಕಡಿಯಿತು.

ಅವನು ಮತ್ತೆ ಮತ್ತೆ ಕರೆ ಮಾಡಿದ. ಯಾರೂ ಎತ್ತಲಿಲ್ಲ. ಮನೆಯಾಕೆ ಒಂದು ಲೋಟ ನೀರು ತಂದು ಕೈಗಿಟ್ಟಳು. ಕೆಲಸ ಅರ್ಧಕ್ಕೇ ಬಿಟ್ಟು ಮನೆಗೆ ಬಂದು ಗೋಡೆಗೊರಗಿ ಕೂತ. ಹೆಂಡತಿ ಎಲ್ಲ ಕೇಳಿಸಿಕೊಂಡಳು, ಗೇಲಿ ಮಾಡಲಿಲ್ಲ, ಬೈಯಲೂ ಇಲ್ಲ. ಪಕ್ಕದಲ್ಲಿ ಕೂತಳು. ಹಾದಿಯಲ್ಲಿ ಆಂಬುಲೆನ್ಸ್ ಸದ್ದಾದರೆ ಇಬ್ಬರೂ ಬೆಚ್ಚುತ್ತಿದ್ದರು. ಇಷ್ಟಾಗಿ, ಆ ಹುಡುಗಿಯ ಊರು ಯಾವುದೆಂದೇ ಅವರಿಗೆ ಗೊತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಆಕೆಯೇ ಕರೆ ಮಾಡಿದಳು. ಆಸ್ಪತ್ರೆಯ ಕಾರಿಡಾರು. ‘ಬದುಕಿದಾಳೆ’ ಎಂದಳು. ‘ಆಕ್ಸಿಜನ್ ಹಾಕಿದಾರೆ. ಇನ್ನೊಂದು ಸ್ವಲ್ಪ ಹೊತ್ತಾಗಿದ್ರೆ ಅಂದ್ರು ಡಾಕ್ಟ್ರು. ಮಾತು ಪೂರ್ತಿ ಮಾಡ್ಲಿಲ್ಲ.’

ಒಲೆಯಣ್ಣ ಅತ್ತುಬಿಟ್ಟ. ‘ತಪ್ಪಾಯ್ತಮ್ಮ. ನನ್ನದೇ ತಪ್ಪು.’

‘ಗಾಳಿಪಟ ಅನ್ನೋರು ಬೇಡ ಅಂದಿದ್ರು. ಅದನ್ನೂ ಓದಿದ್ದೆ. ಸಂಜೆ ನೋಡಿದ್ರೆ ಒಂದ್ಕಡೆ ಬರೀ ಬೂದು ಗುಂಡು, ಒಂದ್ಕಡೆ ನಿಮ್ಮ ಮುಖ. ನಮ್ಮಪ್ಪನ ಹಾಗೆ ಕಾಣಿಸಿದ್ರಿ. ಅದಕ್ಕೆ ವಯರ್ ಕೂಡಿಸ್ದೆ’ ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಕೆ ಬೈಯದೆ ಫೋನ್ ಇಟ್ಟಳು.

ಮುಖ ತೆಗೆದುಹಾಕಬೇಕೆಂದು ಅವನ ಬೆರಳು ಹೋಯಿತು. ಮತ್ತೆ ಬೂದುಗುಂಬಳವಾಗಿ, ಯಾರಿಗೂ ಕಾಣದೆ ಮೂಲೆಯಲ್ಲಿ ಇದ್ದುಬಿಡುವ ಆಸೆ.

‘ಮುಖ ಮುಚ್ಕೊಂಡ್ರೆ ತಪ್ಪು ಮುಚ್ಚುತ್ತಾ?’ ಎಂದಳು ಹೆಂಡತಿ. ‘ಆ ಮುಖ ನೋಡಿ ತಾನೇ ನಂಬಿದ್ದು. ಅದೇ ಮುಖದಲ್ಲೇ ಹೇಳಿ.’

ಅವನು ಬರೆದ. ಇಲ್ಲಿಂದ ಅಳಿಸಿದ ನನ್ನ ಉತ್ತರ ತಪ್ಪು, ಇದರಿಂದ ಒಂದು ಮಗು ಸಾಯುವುದರಲ್ಲಿತ್ತು, ಗಾಳಿಪಟ ಹೇಳಿದ್ದು ಸರಿ, ನಾನು ಹೇಳಿದ್ದು ಸೊಕ್ಕು. ಬರೆದು ಮುಗಿಸಿ ಉಸಿರು ಬಿಡುವಾಗ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಆ ಪುಟವನ್ನು ಓದಿದವರೆಲ್ಲರ ಗುಂಡುಗಳನ್ನು ಕಟ್ಟೆ ಅಲ್ಲಿ ತೋರಿಸುತ್ತದೆ. ಒಂದೆರಡು ಮುಖ, ಉಳಿದದ್ದೆಲ್ಲ ಕುಂಬಳ. ಬೆರಳಿನಿಂದ ಸರಿಸಿದಷ್ಟೂ ಬರುತ್ತಲೇ ಇದ್ದವು. ಚಳಿಗಾಲ. ಎಷ್ಟು ಮನೆಗಳಲ್ಲಿ ಹೀಟರು ತಾನೇ ಆರುತ್ತಿರಬೇಕು, ಎಷ್ಟು ಜನ ಬೆಳಗಿನ ತನಕ ಅಲ್ಲಿದ್ದ ಅವನ ಉತ್ತರವನ್ನು ಓದಿ, ಧನ್ಯವಾದ ಕೂಡ ಹೇಳದೆ, ಸ್ಕ್ರೂಡ್ರೈವರ್ ಹುಡುಕಿಕೊಂಡು ಹೋಗಿರಬೇಕು. ಆ ಹೊತ್ತಿಗೆ ಹೋಗಿತ್ತೆಂದುಕೊಂಡ ಹೆದರಿಕೆ ಹತ್ತರಷ್ಟಾಗಿ ತಿರುಗಿ ಬಂತು.

ಗಂಡ ಹೆಂಡತಿ ಆ ಪುಟದ ಮುಂದೆ ಕೂತರು. ಅವಳು ಒಬ್ಬೊಬ್ಬರ ಹೆಸರು ಓದಿ ಹೇಳಿದಳು, ಅವನು ಒಬ್ಬೊಬ್ಬರಿಗೂ ಬರೆದ: ನನ್ನ ಉತ್ತರ ನೋಡಿ ವಯರ್ ಕೂಡಿಸಿದ್ದೀರಾ? ಉತ್ತರಗಳು ಬಂದವು. ಇಲ್ಲ ಸಾರ್. ಸುಮ್ನೆ ಓದಿದ್ದು. ನಮ್ಮನೇಲಿ ಹೀಟರೇ ಇಲ್ಲ. ಒಬ್ಬ ಬೈದ. ಒಬ್ಬ ನಕ್ಕ. ಅದೇ ಪ್ರಶ್ನೆ ತನಗೂ ಬಂದಾಗ ಗಾಳಿಪಟ ‘ನಾನೂ ಅರ್ಧ ಜನಕ್ಕೆ ಬರೀತೀನಿ ಅಣ್ಣ, ಕೊನೆಯಿಂದ ಶುರು ಮಾಡ್ತೀನಿ’ ಎಂದ. ಪ್ರತಿಯೊಂದು ‘ಇಲ್ಲ’ಕ್ಕೂ ಒಲೆಯಣ್ಣನ ಭುಜ ಒಂದಿಷ್ಟು ಇಳಿಯುತ್ತಿತ್ತು.

ಆಗ ಒಂದು ಬೂದುಗುಂಬಳದಿಂದ ಉತ್ತರ ಬಂತು: ‘ಹೌದು, ಬೆಳಿಗ್ಗೆ ಕೂಡಿಸಿದೆ. ಚೆನ್ನಾಗಿ ಉರೀತಿದೆ. ಯಾಕಣ್ಣ?’

‘ಹೀಟರ್ ಆರಿಸಿ! ಈಗ ಯಾರಾದ್ರೂ ಸ್ನಾನಕ್ಕೆ ಹೋಗಿದಾರಾ?’ ಎಂದು ಅವನು ಬರೆದ. ಅಕ್ಷರಗಳು ಅಡ್ಡಾದಿಡ್ಡಿ ಬಿದ್ದವು, ತಿದ್ದಿ ಮತ್ತೆ ಬರೆದ. ಆ ಕಡೆಯಿಂದ ಉತ್ತರ ಬರುವ ತನಕ ಹೆಂಡತಿ ಅವನ ತೋಳು ಹಿಡಿದುಕೊಂಡೇ ಕೂತಿದ್ದಳು.