ಮಸೂದಾಳ ಮನೆಗೆಂದು ಹೊರಟ ಸೊಸೆ

ಖದೀಜತ್ ೧೯೯೬ರಲ್ಲಿ ಬಂಟ್ವಾಳದಿಂದ ವಿಸಿಟ್ ವೀಸಾದಲ್ಲಿ ರಿಯಾದಿಗೆ ಬಂದಾಗ ಮಗ ಶಿಹಾಬನನ್ನು ಕಂಪೆನಿಯವರು ದೂರದ ಜುಬೈಲಿನ ಸೈಟಿಗೆ ಹಾಕಿದ್ದರು. ಅವನು ಮನೆಗೆ ಬರುತ್ತಿದ್ದುದು ಗುರುವಾರ ಮಾತ್ರ. ರಿಯಾದಿನ ಮಲಾಜ್ ಬಡಾವಣೆಯ ಫ್ಲ್ಯಾಟಿನಲ್ಲಿ ಉಳಿದವಳು ಸೊಸೆ ರಮ್ಲತ್. ಬೇರೆ ಕೆಲಸವಿಲ್ಲದೆ ಖದೀಜತ್ ಸೊಸೆಯನ್ನೇ ಗಮನಿಸತೊಡಗಿದರು.

ಆಗಾಗ ಇಳಿಹೊತ್ತಿನ ಅಸರ್ ನಮಾಜು ಮುಗಿದದ್ದೇ ರಮ್ಲತ್ ಅಬಾಯ ತೊಟ್ಟು, "ಮಸೂದಾಳ ಮನೆಗೆ ಹೋಗಿ ಬರ್ತೇನೆ ಉಮ್ಮಾ" ಎಂದು ಹೊರಡುತ್ತಿದ್ದಳು. ಮಸೂದಾ ಮೇಲಿನ ಮಹಡಿಯ ಹೈದರಾಬಾದಿನವಳು. ಆದರೆ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುತ್ತಿತ್ತು. ಒಂದು ದಿನ ಖದೀಜತ್ ಪರದೆ ಸರಿಸಿ ನೋಡಿದರು. ಸೊಸೆ ಬಿಳಿ ಕಾರೊಂದನ್ನು ಹತ್ತಿ ಹೋದಳು. ಮರಳಿದಾಗ ಅವಳ ಬಟ್ಟೆಯಲ್ಲಿ ದುಬಾರಿ ಊದ್ ಅತ್ತರಿನ ಪರಿಮಳ.

"ಮಸೂದಾ ಎಂತ ಮಾಡ್ತಿದ್ದಳು?"

"ಚಾ ಕೊಟ್ಟಳು ಉಮ್ಮಾ."

ಮಸೂದಾ ಅದೇ ಸಂಜೆ ರಮ್ಲತ್‌ಳನ್ನು ಕೇಳಿಕೊಂಡು ಇವರ ಬಾಗಿಲಿಗೆ ಬಂದು ಹೋಗಿದ್ದಳು. ಖದೀಜತ್‌ಗೆ ಅನ್ನ ಸೇರಲಿಲ್ಲ. ಮಗನಿಗೆ ಹೇಳಿದರೆ ಸಂಸಾರ ಒಡೆಯುತ್ತದೆ, ಹೇಳದಿದ್ದರೆ ತಾನೂ ಅದರಲ್ಲಿ ಪಾಲುದಾರಳು.

ಮುಂದಿನ ಸಲ ಸೊಸೆಗಿಂತ ಮೊದಲೇ ಬುರ್ಖಾ ತೊಟ್ಟು ನಿಂತರು. "ನಾನೂ ಬರ್ತೇನೆ. ನೀನು ಹೋಗುವಲ್ಲಿಗೇ."

ರಮ್ಲತ್ ಬಿಳಿಚಿಕೊಂಡಳು. ಚೀಲವನ್ನು ಹೆಗಲಿಗೇರಿಸಿ, "ಬನ್ನಿ" ಎಂದಳು.

ಈ ಸಲವೂ ಬಿಳಿ ಕಾರೇ. ಅದು ದೊಡ್ಡ ಮನೆಯೊಂದರ ಮುಂದೆ ನಿಂತಿತು. ಒಳಗೆ ಅದೇ ಊದಿನ ಪರಿಮಳ, ಬರೀ ಹೆಂಗಸರು, ನಡುವೆ ಮದುಮಗಳು. ರಮ್ಲತ್ ಚೀಲದಿಂದ ಮದರಂಗಿಯ ಕೋನು ತೆಗೆದು ಹುಡುಗಿಯ ಅಂಗೈ ಹಿಡಿದಳು. ಯಾವ ಗಂಡಸು ಬರುತ್ತಾನೋ ಎಂದು ಖದೀಜತ್ ಬಾಗಿಲನ್ನೇ ನೋಡುತ್ತ ಕುಳಿತರು. ಯಾರೂ ಬರಲಿಲ್ಲ. ಬಳ್ಳಿಗಳು ಮೊಣಕೈ ಮುಟ್ಟುವ ಹೊತ್ತಿಗೆ ಅವರ ಕಣ್ಣೂ ಅತ್ತ ತಿರುಗಿತ್ತು.

ಮನೆಗೆ ಬಂದ ಮೇಲೆ ಕೇಳಿದರು, "ಇದಕ್ಕೆ ಸುಳ್ಳು ಎಂತಕ್ಕೆ?"

"ಕಂಡವರ ಮನೆಗೆ ಕೆಲಸಕ್ಕೆ ಹೋಗಬೇಡ ಅಂದಿದ್ದಾರೆ ನಿಮ್ಮ ಮಗ. ನಿಮ್ಮಲ್ಲಿ ಕೇಳಿದ್ರೆ ಬಿಡ್ತಿದ್ರಾ?"

"ಇಲ್ಲ. ಆ ಕಾರು ಯಾರದ್ದು?"

"ಮದುಮಗಳ ಮನೆಯವರದ್ದು. ಒಂದೊಂದು ಸಲ ಒಬ್ಬೊಬ್ಬರದ್ದು."

"ಮೊನ್ನೆಯದ್ದೂ ಬಿಳಿಯೇ!"

"ಇಲ್ಲಿ ಹೆಚ್ಚಿನವರದ್ದು ಬಿಳಿಯೇ ಉಮ್ಮಾ."

ಖದೀಜತ್ ಬುರ್ಖಾ ಕಳಚಿ ಮಡಚಿಟ್ಟರು. ಆಮೇಲೆ ತಾವಾಗಿಯೇ ಹೇಳಿದರು, "ನಾನು ಮದುವೆ ಮನೆಗಳಲ್ಲಿ ಹಾಡ್ತಿದ್ದೆ. ನಿನ್ನ ಮಾವ ಒಮ್ಮೆ ಮುಖ ಗಂಟು ಹಾಕಿದ್ರು. ಅಲ್ಲಿಗೆ ಬಿಟ್ಟೆ."

ಗುರುವಾರ ಮಗನಿಗೆ ಅವರೇ ವಿಷಯ ತಿಳಿಸಿದರು. ಶಿಹಾಬ್ ಒಮ್ಮೆ ತಾಯಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿದ. "ಇವಳು ನಿಮಗೆ ಎಂತ ಹೇಳಿಕೊಟ್ಟಿದ್ದಾಳೆ?"

"ಅಲ್ಲಿ ಬರೀ ಹೆಂಗಸರೇ ಇರುವುದು, ಕಣ್ಣಾರೆ ನೋಡಿದ್ದೇನೆ. ಜೊತೆಗೆ ನಾನು ಹೋಗ್ತೇನೆ."

ಅವನು ಉಣ್ಣದೆ ಎದ್ದ, ಬೇಡವೆಂದೂ ಹೇಳಲಿಲ್ಲ. ವೀಸಾ ಮುಗಿಯುವವರೆಗೂ ಖದೀಜತ್ ಪ್ರತಿ ಮದುವೆ ಮನೆಗೂ ಹೋಗಿ ಬಾಗಿಲಿಗೆದುರಾಗಿಯೇ ಕುಳಿತರು. ಅವರು ಊರಿಗೆ ಮರಳಿದ ಮೇಲೆ, ರಿಯಾದಿಗೆ ವರ್ಗವಾಗಿ ಬಂದ ಶಿಹಾಬ್ ತಾನೇ ಹೆಂಡತಿಯನ್ನು ಕರೆದೊಯ್ದು ಗೇಟಿನ ಹೊರಗೆ ಕಾಯತೊಡಗಿದ. ಅದು ಕಾವಲೋ ಅಕ್ಕರೆಯೋ ರಮ್ಲತ್ ಕೇಳಲಿಲ್ಲ. ಆ ಚಳಿಗಾಲದಲ್ಲಿ ಅವಳು ಒಂದು ಮದುವೆಯನ್ನೂ ಬಿಡಲಿಲ್ಲ.